ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಪ್ರೊಸೆಸರ್: ಯಾವಾಗ ಹಾಕಬೇಕು, ಯಾವಾಗ ಬಿಡಬೇಕು

ಏಳೆಂಟು ವರ್ಷ ದುಡಿದ ಡೆಸ್ಕ್‌ಟಾಪ್ ನಿಧಾನವಾಯಿತು ಎಂದ ಕೂಡಲೇ ಎಲ್ಲರೂ ಬೊಟ್ಟು ಮಾಡುವುದು ಪ್ರೊಸೆಸರ್ ಕಡೆಗೆ. ಅದೇ ಸಾಕೆಟ್‌ಗೆ (ಬೋರ್ಡಿನಲ್ಲಿ ಪ್ರೊಸೆಸರ್‌ಗೆಂದೇ ಇರುವ ಜಾಗಕ್ಕೆ) ಕೂರುವ ದೊಡ್ಡ ಪ್ರೊಸೆಸರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು ಹಾಕಿದರೆ ಯಂತ್ರಕ್ಕೆ ಮತ್ತೆ ಪ್ರಾಯ ಬಂದೀತು ಎಂಬ ಆಸೆ. ಕೆಲವು ಯಂತ್ರಗಳಲ್ಲಿ ಈ ಆಸೆ ಪೂರ್ತಿ ಕೈಗೂಡುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಹಣ ಹೋಗುತ್ತದೆ, ಕಾಯುವುದು ಮಾತ್ರ ತಪ್ಪುವುದಿಲ್ಲ. ನಿಮ್ಮದು ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ದುಡ್ಡು ಬಿಚ್ಚುವ ಮೊದಲೇ ಕಂಡುಕೊಳ್ಳಬಹುದು.

ಮುಂದಿರುವ ದಾರಿಗಳು ನಾಲ್ಕು. ಪ್ರೊಸೆಸರ್ ಮುಟ್ಟದೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ), ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಕೊರತೆ ಇರುವುದನ್ನು ತುಂಬಿಕೊಳ್ಳುವುದು. ಈಗಿರುವ ಮದರ್‌ಬೋರ್ಡ್‌ಗೆ ಒಪ್ಪುವ ದೊಡ್ಡ ಪ್ರೊಸೆಸರ್ ಹಾಕುವುದು. ಬೋರ್ಡ್, ಪ್ರೊಸೆಸರ್, ಬೇಕಾದರೆ ರ‍್ಯಾಮ್ ಸೇರಿಸಿ ಒಳಗಿನ ಭಾಗವನ್ನೇ ಬದಲಿಸುವುದು. ಕೊನೆಯದಾಗಿ, ಯಂತ್ರವನ್ನೇ ಬಿಟ್ಟು ಬೇರೆಯದನ್ನು ತರುವುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡನೆಯ ದಾರಿ ಹಿಡಿಯಲು ಎರಡು ಸಂಗತಿ ಒಟ್ಟಿಗೆ ಇರಬೇಕು. ಕಾಯಿಸುತ್ತಿರುವುದು ಪ್ರೊಸೆಸರೇ ಎಂದು ಅಳೆದು ಗೊತ್ತಾಗಿರಬೇಕು, ಮತ್ತು ನಿಮ್ಮ ಸಾಕೆಟ್‌ಗೆ ಸಿಗುವ ಅತಿ ದೊಡ್ಡ ಪ್ರೊಸೆಸರ್ ಈಗಿನದಕ್ಕಿಂತ ಎದ್ದು ಕಾಣುವಷ್ಟು ಮುಂದಿರಬೇಕು. ಒಂದೇ ಇದ್ದು ಇನ್ನೊಂದು ಇಲ್ಲದಿದ್ದರೆ ಉಳಿದ ಮೂರು ದಾರಿಗಳಲ್ಲಿ ಒಂದು ಲೇಸು.

ಕಾಯಿಸುತ್ತಿರುವವರು ಯಾರು

ನಿಧಾನ ಎನಿಸುವ ಕೆಲಸವನ್ನೇ ಮಾಡುತ್ತಾ ಅಳೆಯಬೇಕು. ಸುಮ್ಮನೆ ಕೂತಿರುವ ಯಂತ್ರದ ಅಂಕಿಗಳಿಂದ ಏನೂ ತಿಳಿಯದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು, ದಿನವೂ ನಿಮ್ಮನ್ನು ಕಾಡುವ ಕೆಲಸವನ್ನು ಶುರು ಮಾಡಿ. ಡಿಸ್ಕ್ 100 ಶೇಕಡಾ ಮುಟ್ಟಿ ಅಲ್ಲೇ ನಿಂತು, ಪ್ರೊಸೆಸರ್ 20–30ರಲ್ಲಿ ಆಡುತ್ತಿದ್ದರೆ ತಪ್ಪು ಪ್ರೊಸೆಸರ್‌ನದ್ದಲ್ಲ. ಮೆಮೊರಿ 90 ದಾಟಿ, ಬ್ರೌಸರ್‌ನಲ್ಲಿ ಒಂದು ಟ್ಯಾಬ್‌ನಿಂದ ಇನ್ನೊಂದಕ್ಕೆ ಹೋಗುವಾಗ ಡಿಸ್ಕ್ ಗದ್ದಲ ಏಳುತ್ತಿದ್ದರೆ ಬೇಕಿರುವುದು ರ‍್ಯಾಮ್.

ಪ್ರೊಸೆಸರ್ ಅಂಕಿ ಓದುವಾಗ ಹಲವರು ಎಡವುವ ಜಾಗ ಒಂದಿದೆ. ಕೋರ್ ಎಂದರೆ ಪ್ರೊಸೆಸರ್‌ನೊಳಗೆ ದುಡಿಯುವ ಒಂದೊಂದು ಘಟಕ, ಥ್ರೆಡ್ ಎಂದರೆ ಅದು ನಡೆಸುವ ಕೆಲಸದ ಒಂದು ಎಳೆ. ನಾಲ್ಕು ಕೋರ್, ನಾಲ್ಕು ಥ್ರೆಡ್ ಇರುವ ಪ್ರೊಸೆಸರ್‌ನಲ್ಲಿ ಒಂದೇ ಥ್ರೆಡ್ ಬಳಸುವ ಪ್ರೋಗ್ರಾಂ ತನ್ನ ಕೋರನ್ನು ಪೂರ್ತಿ ಹಿಂಡುತ್ತಿದ್ದರೂ ಒಟ್ಟು ಬಳಕೆ 25 ಶೇಕಡಾ ಎಂದೇ ತೋರುತ್ತದೆ. ‘ಕಾಲು ಭಾಗವಷ್ಟೇ ಬಳಕೆಯಾಗುತ್ತಿದೆ’ ಎಂದು ಓದಿಕೊಂಡರೆ ತೀರ್ಮಾನ ತಲೆಕೆಳಗು. ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಪ್ರತಿ ಲಾಜಿಕಲ್ ಪ್ರೊಸೆಸರ್‌ಗೂ ಪ್ರತ್ಯೇಕ ಗ್ರಾಫ್ ತೋರಿಸುವಂತೆ ಬದಲಿಸಿ. ಒಂದೇ ಗ್ರಾಫ್ ಮೇಲಕ್ಕೆ ಹೋಗಿ ಅಂಟಿಕೊಂಡು ಉಳಿದವು ಕೆಳಗಿದ್ದರೆ (ಕೆಲಸ ಕೋರಿಂದ ಕೋರಿಗೆ ಹಾರುತ್ತಿದ್ದರೆ ಎಲ್ಲವೂ ಅರ್ಧಂಬರ್ಧ ಏರಿ ಒಟ್ಟು 25ರ ಸುತ್ತ ಗಟ್ಟಿಯಾಗಿ ನಿಂತಿರುತ್ತದೆ) ನಿಮಗೆ ಬೇಕಿರುವುದು ಒಂದೊಂದು ಕೋರಿನ ವೇಗ. ಎಲ್ಲ ಗ್ರಾಫ್‌ಗಳೂ ತುಂಬಿದ್ದರೆ ಹೆಚ್ಚು ಕೋರ್. ಇವೆರಡೂ ಬೇರೆ ಬೇರೆ ಖರೀದಿಗಳು. ಹಳೆಯ ಸಾಕೆಟ್‌ಗಳಲ್ಲಿ ಎರಡನೆಯದು ಸಿಗುತ್ತದೆ. ಮೊದಲನೆಯದು ಸಿಗುವುದು ಅಪರೂಪ.

ಆಟಗಳಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಆಟದ ರೆಸಲ್ಯೂಷನ್ ಅನ್ನು (ಚಿತ್ರದ ಸೂಕ್ಷ್ಮತೆಯನ್ನು) 720ಪಿಗೆ ಇಳಿಸಿ ನೋಡಿ. ಫ್ರೇಮ್ ರೇಟ್ ಜಿಗಿದರೆ ಹಿಡಿದಿಟ್ಟಿದ್ದು ಗ್ರಾಫಿಕ್ಸ್ ಕಾರ್ಡ್. ಇಳಿಸಿದರೂ ಅಲ್ಲೇ ಇದ್ದರೆ ಪ್ರೊಸೆಸರ್ ಅಥವಾ ಅದಕ್ಕೆ ಊಡುವ ರ‍್ಯಾಮ್.

ಅಳೆಯುವಾಗ ಬಿಸಿಯನ್ನೂ ನೋಡಬೇಕು. ವರ್ಷಗಟ್ಟಲೆ ಧೂಳು ಕಟ್ಟಿದ ಹೀಟ್‌ಸಿಂಕ್ (ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಭಾಗ), ಅವೆರಡರ ನಡುವೆ ಒಣಗಿ ಸೀಳುಬಿಟ್ಟ ಥರ್ಮಲ್ ಪೇಸ್ಟ್ ಇದ್ದರೆ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋಗಿ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಎಚ್‌ಡಬ್ಲ್ಯೂಇನ್ಫೋದಂಥ ಉಚಿತ ಪ್ರೋಗ್ರಾಂನಲ್ಲಿ ಉಷ್ಣಾಂಶವೂ ಆ ಕ್ಷಣದ ಕ್ಲಾಕ್ ವೇಗವೂ ಕಾಣುತ್ತವೆ. 3.4 ಗಿಗಾಹರ್ಟ್ಸ್ ಎಂದು ಹೆಸರಿಗೆ ಇರುವ ಪ್ರೊಸೆಸರ್ ಕೆಲಸ ಬಿದ್ದಾಗ ಎರಡಕ್ಕೆ ಇಳಿಯುತ್ತಿದ್ದರೆ ಬ್ರಷ್, ಒಂದಿಷ್ಟು ಹೊಸ ಪೇಸ್ಟ್ ಸಾಕು. ನಿಧಾನವಾಗಿದೆ ಎಂದು ದೂರುವ ಯಾವ ಹಳೆಯ ಯಂತ್ರದಲ್ಲಾದರೂ ಮೊದಲು ಮಾಡಬೇಕಾದ ಕೆಲಸ ಇದೇ.

ಅಳೆದ ಮೇಲೆ ಒಂದು ಸಣ್ಣ ಲೆಕ್ಕ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದ ತಿರುಳು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ ಒಟ್ಟು ಲಾಭವನ್ನು ಉಳಿದ ಭಾಗ ಕಟ್ಟಿಹಾಕುತ್ತದೆ. ಒಂದು ದೊಡ್ಡ ಕಡತ ತೆರೆಯಲು 40 ಸೆಕೆಂಡು ಹಿಡಿಯುತ್ತಿದೆ, ಅದರಲ್ಲಿ ಪ್ರೊಸೆಸರ್ ದುಡಿಯುವುದು 6 ಸೆಕೆಂಡು ಎಂದಿಟ್ಟುಕೊಳ್ಳಿ. ಇಮ್ಮಡಿ ವೇಗದ ಪ್ರೊಸೆಸರ್ ತಂದರೆ 37 ಸೆಕೆಂಡು ಆಗುತ್ತದೆ, ಅಷ್ಟೇ. ಅದೇ ವೀಡಿಯೊ ಎಕ್ಸ್‌ಪೋರ್ಟ್‌ಗೆ 10 ನಿಮಿಷ ಬೇಕಾಗಿ, ಅದರಲ್ಲಿ 9 ನಿಮಿಷ ಪ್ರೊಸೆಸರ್‌ನದ್ದೇ ಆಗಿದ್ದರೆ, ಇಮ್ಮಡಿ ವೇಗಕ್ಕೆ ಐದೂವರೆ ನಿಮಿಷ. ಮೊದಲನೆಯವರಿಗೆ ಈ ಖರ್ಚು ದಂಡ, ಎರಡನೆಯವರಿಗೆ ದಿನವೂ ಸಿಗುವ ಬಿಡುವು.

ಪ್ರೊಸೆಸರ್ ಮುಟ್ಟದ ದಾರಿ

ಯಂತ್ರದಲ್ಲಿ ಇನ್ನೂ ವಿಂಡೋಸ್ ಹಾರ್ಡ್ ಡಿಸ್ಕ್‌ನಿಂದಲೇ ಏಳುತ್ತಿದ್ದರೆ ಮುಂದಿನದನ್ನು ಓದುವ ಮೊದಲು ಎಸ್‌ಎಸ್‌ಡಿ ಹಾಕಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅದಕ್ಕೂ ಮೊದಲು ಹೆಡ್ ಸರಿಯಾದ ಪಥಕ್ಕೆ ಸರಿಯಬೇಕು. ಎಲ್ಲ ಸೇರಿ ಸೆಕೆಂಡಿಗೆ ನೂರರ ಆಸುಪಾಸು ಚಿಕ್ಕ ಓದುಗಳು. ಕಂಪ್ಯೂಟರ್ ಏಳುವಾಗ, ಪ್ರೋಗ್ರಾಂ ತೆರೆಯುವಾಗ ಬೇಕಾಗುವುದು ಇಂಥ ಸಾವಿರಾರು ಚದುರಿದ ಓದುಗಳೇ. ಸಾಧಾರಣ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನಂಥದೇ ಕೇಬಲ್‌ನಿಂದ ಸೇರುವುದು) ಕೂಡ ಇವನ್ನು ಸೆಕೆಂಡಿಗೆ ಹತ್ತಾರು ಸಾವಿರ ಮಾಡುತ್ತದೆ, ಏಕೆಂದರೆ ಅದರಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಹಾರ್ಡ್ ಡಿಸ್ಕ್ ಇಟ್ಟುಕೊಂಡು ಇಂಟೆಲ್‌ನ ದೊಡ್ಡ ಪ್ರೊಸೆಸರ್ ಐ7 ತರುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಎಸ್‌ಎಸ್‌ಡಿ ಕೊಳ್ಳುವಾಗ ಹಳೆಯ ಬೋರ್ಡ್‌ಗಳವರು ಸಾಟಾ ತರಹದ್ದನ್ನೇ ಆರಿಸಿ. ಅದಕ್ಕಿಂತ ವೇಗದ ಬಗೆಯಾದ ಎನ್‌ವಿಎಂಇ ಎಸ್‌ಎಸ್‌ಡಿಯಿಂದ ಬೂಟ್ ಆಗಲು ಬೋರ್ಡಿನ ಫರ್ಮ್‌ವೇರ್ (ಯಂತ್ರವನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ) ಒಪ್ಪಬೇಕು. 2014ಕ್ಕಿಂತ ಹಿಂದಿನ ಬೋರ್ಡ್‌ಗಳಲ್ಲಿ ಬಹುಪಾಲು ಒಪ್ಪುವುದಿಲ್ಲ. ಸಾಟಾದ ಗರಿಷ್ಠ ಸೆಕೆಂಡಿಗೆ 550 ಎಂಬಿ ಸುಮಾರು ಆದರೂ ದಿನಬಳಕೆಯಲ್ಲಿ ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಹೋದಾಗ ಕಾಣುವ ಅಂತರ ದೊಡ್ಡದು, ಅಲ್ಲಿಂದ ಎನ್‌ವಿಎಂಇಗೆ ಹೋದಾಗ ಕಾಣುವುದು ಚಿಕ್ಕದು.

ರ‍್ಯಾಮ್ ವಿಷಯದಲ್ಲಿ ಗಾತ್ರದಷ್ಟೇ ಜೋಡಣೆಯೂ ಮುಖ್ಯ. ಈ ಬೋರ್ಡ್‌ಗಳಿಗೆ ಮೆಮೊರಿಯ ಎರಡು ಚಾನೆಲ್‌ಗಳಿರುತ್ತವೆ. 8 ಜಿಬಿಯ ಒಂದೇ ಸ್ಟಿಕ್ ಇದ್ದರೆ ಒಂದು ಚಾನೆಲ್ ಖಾಲಿ. ಅಂಥದೇ ಇನ್ನೊಂದನ್ನು ಸರಿಯಾದ ಸ್ಲಾಟ್‌ಗೆ ಹಾಕಿದರೆ ಗಾತ್ರದ ಜೊತೆ ಮಾಹಿತಿ ಹರಿಯುವ ಅಗಲವೂ ಇಮ್ಮಡಿ. ಡಿಡಿಆರ್4–3200 ಬಗೆಯ ರ‍್ಯಾಮ್‌ನಲ್ಲಿ ಒಂದು ಚಾನೆಲ್‌ಗೆ ಸೆಕೆಂಡಿಗೆ 25.6 ಜಿಬಿ, ಎರಡಕ್ಕೆ 51.2. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ ಈ ಬದಲಾವಣೆ ಕಣ್ಣಿಗೆ ಕಾಣುವಷ್ಟಿರುತ್ತದೆ, ಏಕೆಂದರೆ ಆ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿಯೇ ಇಲ್ಲ.

ಇನ್ನೊಂದು ದೂರು: ಬ್ರೌಸರ್‌ನಲ್ಲಿ ವೀಡಿಯೊ ತಡವರಿಸುವುದು. 2013ರ ಇಂಟೆಲ್ ಹ್ಯಾಸ್‌ವೆಲ್ ಕಾಲದ ಪ್ರೊಸೆಸರ್‌ಗಳಲ್ಲಿ ಎಚ್.264 ಎಂಬ ಮಾದರಿಯಲ್ಲಿ ಅಡಕಿಸಿದ ವೀಡಿಯೊ ಬಿಡಿಸುವ ಯಂತ್ರಾಂಶ ಇದೆ. ಅದಕ್ಕಿಂತ ಹೊಸ ಮಾದರಿಗಳಾದ ವಿಪಿ9, ಎಚ್‌ಇವಿಸಿಗಳನ್ನು ಪೂರ್ತಿಯಾಗಿ ಬಿಡಿಸುವುದು ಇಲ್ಲ. ಆ ವೀಡಿಯೊಗಳ ಭಾರವೆಲ್ಲ ಕೋರ್‌ಗಳ ಮೇಲೆ ಬೀಳುತ್ತದೆ. ಅದೇ ಸಾಕೆಟ್‌ನ ದೊಡ್ಡ ಪ್ರೊಸೆಸರ್ ಹೆಚ್ಚು ಬೆವರು ಸುರಿಸಿ ಇದನ್ನು ನಿಭಾಯಿಸೀತು. ಆದರೆ ಈ ಮಾದರಿಗಳನ್ನು ತಾನೇ ಬಿಡಿಸಬಲ್ಲ ಸಣ್ಣ ಗ್ರಾಫಿಕ್ಸ್ ಕಾರ್ಡ್, ಉದಾಹರಣೆಗೆ 2017ರ ಜಿಟಿ 1030, ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ಸಾಕೆಟ್‌ಗಳನ್ನು ಒಂದೊಂದಾಗಿ ನೋಡೋಣ

ಸಿಪಿಯು–ಝಡ್ ಎಂಬ ಚಿಕ್ಕ ಉಚಿತ ಪ್ರೋಗ್ರಾಂ ತೆರೆದರೆ ಪ್ರೊಸೆಸರ್, ಸಾಕೆಟ್, ಬೋರ್ಡಿನ ಮಾದರಿ, ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್), ಬಯೋಸ್ (ಬೋರ್ಡಿನ ಫರ್ಮ್‌ವೇರ್) ಆವೃತ್ತಿ ಎಲ್ಲವೂ ಸಿಗುತ್ತವೆ. ಬರೆದಿಟ್ಟುಕೊಳ್ಳಿ. ಮುಂದಿನ ನಿರ್ಧಾರವೆಲ್ಲ ಈ ಐದು ಮಾಹಿತಿಗಳ ಮೇಲೆ ನಿಂತಿದೆ.

ಇಂಟೆಲ್‌ನ ಎಲ್‌ಜಿಎ 775, 1156 ಮತ್ತು ಎಎಂಡಿಯ ಎಎಮ್3+ ಇದ್ದವರಿಗೆ ಉತ್ತರ ಚುಟುಕು: ಪ್ರೊಸೆಸರ್‌ಗೆ ಏನೂ ಖರ್ಚು ಮಾಡಬೇಡಿ. ಯಾರಾದರೂ ಸುಮ್ಮನೆ ಕೊಟ್ಟರೆ ಹಾಕಿಕೊಳ್ಳಿ.

ಎಲ್‌ಜಿಎ 1155ರಲ್ಲಿ 2011ರ ಸ್ಯಾಂಡಿ ಬ್ರಿಡ್ಜ್, 2012ರ ಐವಿ ಬ್ರಿಡ್ಜ್ ಪ್ರೊಸೆಸರ್‌ಗಳು ಕೂರುತ್ತವೆ. ಐ5–2400 ಇದ್ದವರು ಐ7–3770ಕ್ಕೆ ಹೋಗಬಹುದು. ಕೋರ್ ನಾಲ್ಕೇ, ಥ್ರೆಡ್ ನಾಲ್ಕರಿಂದ ಎಂಟು, ಗರಿಷ್ಠ ವೇಗ 3.4ರಿಂದ 3.9 ಗಿಗಾಹರ್ಟ್ಸ್. ಎಂಟು ಥ್ರೆಡ್ ಎಂದರೆ ಎಂಟು ಕೋರ್ ಅಲ್ಲ. ಒಂದೇ ಕೋರಿನ ಖಾಲಿ ಕ್ಷಣಗಳನ್ನು ಎರಡನೆಯ ಥ್ರೆಡ್ ಬಳಸಿಕೊಳ್ಳುತ್ತದೆ, ಎಲ್ಲ ಥ್ರೆಡ್‌ಗಳನ್ನೂ ದುಡಿಸುವ ಕೆಲಸದಲ್ಲಿ ಅದರಿಂದ 20–30 ಶೇಕಡಾ ಸಿಕ್ಕರೆ ಹೆಚ್ಚು. ಇಂಥ ಬೋರ್ಡ್‌ಗಳಲ್ಲಿ ಡಿಡಿಆರ್3 ರ‍್ಯಾಮ್, ಎವಿಎಕ್ಸ್2 ಸೂಚನೆಗಳು (ಹಲವು ಲೆಕ್ಕಗಳನ್ನು ಒಮ್ಮೆಗೇ ಮಾಡಿಸುವ ಆದೇಶಗಳು) ಇಲ್ಲದ ಕೋರ್. ಎವಿಎಕ್ಸ್2 ಇಲ್ಲದಿದ್ದರೆ ತೆರೆಯುವುದೇ ಇಲ್ಲ ಎನ್ನುವ ಪ್ರೋಗ್ರಾಂಗಳು ಈಗ ಹೆಚ್ಚುತ್ತಿವೆ. ಎರಡು ಕೋರಿನ ಪೆಂಟಿಯಂ ಅಥವಾ ಐ3 ಇದ್ದು, ಐ5–3470ರಂಥದ್ದು ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ ಸರಿ. ಕ್ಯೂ65, ಕ್ಯೂ67, ಬಿ65 ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ಐವಿ ಬ್ರಿಡ್ಜ್‌ಗೆ ಅಧಿಕೃತ ಬೆಂಬಲವಿಲ್ಲ ಎಂಬುದು ನೆನಪಿರಲಿ. ಕಚೇರಿಗಳಿಂದ ಹೊರಬಿದ್ದ ಯಂತ್ರಗಳಲ್ಲಿ ಇವೇ ಹೆಚ್ಚು.

ಎಲ್‌ಜಿಎ 1150 ಕೂಡ ಹತ್ತಿರತ್ತಿರ ಅದೇ ಕಥೆ. ಎರಡು ಕೋರಿನ ಐ3–4130ರಿಂದ ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಐ7–4790ಕ್ಕೆ ಹೋದರೆ ವ್ಯತ್ಯಾಸ ಖಂಡಿತ ಕಾಣುತ್ತದೆ. ಎವಿಎಕ್ಸ್2 ಕೂಡ ಇದೆ. ಐ5–4570ರಿಂದ ಅಲ್ಲಿಗೆ ಹೋದರೆ ಅಷ್ಟಿಲ್ಲ. ಇಲ್ಲಿ ನನಗೆ ಹೆಚ್ಚು ಬೇಸರವಾಗುವ ಖರೀದಿ ಎಂದರೆ ಐ7–4790ಕೆ. ಆ ಸಾಕೆಟ್‌ನ ತುದಿಯ ಪ್ರೊಸೆಸರ್ ಎಂಬ ಕಾರಣಕ್ಕೆ ಎಲ್ಲರೂ ಅದನ್ನೇ ಹುಡುಕುತ್ತಾರೆ, ಹಾಗಾಗಿ ವಯಸ್ಸಿಗೆ ಮೀರಿದ ಬೆಲೆ. ಅದರಲ್ಲಿರುವ ನಾಲ್ಕು ಕೋರ್ ಎಂಟು ಥ್ರೆಡ್ಡೇ 2022ರ ಐ3–12100ರಲ್ಲೂ ಇವೆ, ಒಂದೊಂದು ಕೋರೂ ಎಷ್ಟೋ ಮುಂದಿದೆ. ಹಳೆಯ ಸಾಕೆಟ್‌ನ ರಾಜನಿಗೆ ಕೊಡುವ ಹಣ ಹೊಸ ಸಾಕೆಟ್‌ನ ಕಿರಿಯನನ್ನು ಬೋರ್ಡ್ ಸಮೇತ ತರಲು ಬೇಕಾದ ಹಣದ ಅರ್ಧವನ್ನು ಮುಟ್ಟಿದರೆ, ರಾಜನನ್ನು ಬಿಟ್ಟುಬಿಡಿ.

ಎಲ್‌ಜಿಎ 1151 ಹೆಸರಿನಲ್ಲಿ ಎರಡು ಬೇರೆ ಲೋಕಗಳಿವೆ, ಇಲ್ಲಿ ಮೋಸ ಹೋಗುವವರು ಬಹಳ. 2015ರ ಆರನೆಯ ತಲೆಮಾರು, ಏಳನೆಯ ತಲೆಮಾರು 100 ಮತ್ತು 200 ಸರಣಿಯ ಚಿಪ್‌ಸೆಟ್‌ಗಳಿಗೆ. 2017ರ ಕೊನೆಗೆ ಬಂದ ಎಂಟನೆಯ ತಲೆಮಾರು, ಒಂಬತ್ತನೆಯ ತಲೆಮಾರು 300 ಸರಣಿಗೆ. ತೋರಿಕೆಗೆ ಸಾಕೆಟ್ ಒಂದೇ, ಪ್ರೊಸೆಸರ್ ಕೂರುತ್ತದೆ ಕೂಡ, ಆದರೆ ಎಚ್110 ಬೋರ್ಡ್‌ಗೆ ಐ5–8400 ಹಾಕಿದರೆ ಯಂತ್ರ ಏಳುವುದಿಲ್ಲ. ಮೊದಲ ಗುಂಪಿನವರಿಗೆ ತುದಿ ಐ7–7700, ಅಂದರೆ ಮತ್ತೆ ನಾಲ್ಕು ಕೋರ್. ಎರಡನೆಯ ಗುಂಪಿನವರ ಪರಿಸ್ಥಿತಿ ಎಷ್ಟೋ ಚೆನ್ನ: ಐ3–8100ರ ನಾಲ್ಕು ಕೋರ್ ನಾಲ್ಕು ಥ್ರೆಡ್‌ನಿಂದ ಐ7–8700ರ ಆರು ಕೋರ್ ಹನ್ನೆರಡು ಥ್ರೆಡ್‌ಗೆ, ಅಥವಾ ಐ7–9700ರ ಎಂಟು ಕೋರ್‌ಗೆ ಏರಬಹುದು. ಇಲ್ಲಿ ಪ್ರೊಸೆಸರ್ ಬದಲಾಯಿಸುವುದು ಅರ್ಥವಿರುವ ಖರ್ಚು.

2020ರ ಎಲ್‌ಜಿಎ 1200ರಲ್ಲಿ ಐ3–10100 ಇದ್ದವರಿಗೆ ಐ7–10700 ಎರಡು ಪಟ್ಟು ಕೋರ್ ಕೊಡುತ್ತದೆ. ಎಚ್410, ಬಿ460 ಚಿಪ್‌ಸೆಟ್‌ನವರು ಹನ್ನೊಂದನೆಯ ತಲೆಮಾರಿನ ಆಸೆ ಬಿಡಬೇಕು. ಎಲ್‌ಜಿಎ 1700 ಇನ್ನೂ ಹಳೆಯದೆನ್ನಲಾರೆ. ಐ3–12100ರಿಂದ ಮೇಲಕ್ಕೆ ಸಾಕಷ್ಟು ಮೆಟ್ಟಿಲುಗಳಿವೆ. ಆದರೆ 13, 14ನೆಯ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರು ಎಚ್ಚರವಾಗಿರಬೇಕು. ಹೆಚ್ಚಿನ ವೋಲ್ಟೇಜ್‌ನಿಂದ ಇವು ಕಾಲಕ್ರಮೇಣ ಅಸ್ಥಿರವಾಗುವುದನ್ನು ಇಂಟೆಲ್ ಒಪ್ಪಿಕೊಂಡು 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ಪ್ರೋಗ್ರಾಂ) ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಆದದ್ದನ್ನು ಸರಿಮಾಡುವುದಿಲ್ಲ. ಹಿಂದಿನ ಮಾಲೀಕರು ಬಯೋಸ್ ಅಪ್‌ಡೇಟ್ ಮಾಡದೆ ಓಡಿಸಿದ್ದರೋ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಎಎಮ್4 ಇದ್ದವರ ಭಾಗ್ಯ

ಇಡೀ ಹೋಲಿಕೆಯಲ್ಲಿ ‘ಹಾಕಿ’ ಎಂದು ನಾನು ಅನುಮಾನವಿಲ್ಲದೆ ಹೇಳುವುದು ಈ ಒಂದು ಸಾಕೆಟ್‌ಗೆ. 2017ರಲ್ಲಿ ಎಎಂಡಿಯ ಮೊದಲ ರೈಜೆನ್ ಪ್ರೊಸೆಸರ್ ಬಂದಾಗ ಕೊಂಡ ಬೋರ್ಡ್‌ಗೆ 2020ರ ಕೊನೆಗೆ ಬಂದ 5000 ಸರಣಿಯೂ ಕೂರುತ್ತದೆ. 300 ಸರಣಿಯ ಹಳೆಯ ಬೋರ್ಡ್‌ಗಳಿಗೆ ಈ ಬೆಂಬಲ ಮೊದಲು ಇರಲಿಲ್ಲ; 2022ರಲ್ಲಿ ಎಎಂಡಿ ಅದಕ್ಕೆ ದಾರಿ ಮಾಡಿಕೊಟ್ಟಿತು.

ರೈಜೆನ್ 5 1600ರಿಂದ ರೈಜೆನ್ 5 5600ಕ್ಕೆ ಹೋದರೆ ಕಾಗದದ ಮೇಲೆ ಕೋರ್ ಸಂಖ್ಯೆ ಅದೇ ಆರು, ಥ್ರೆಡ್ ಅದೇ ಹನ್ನೆರಡು, ಟಿಡಿಪಿ (ಬಿಸಿಯ ಅಂದಾಜು ಅಳತೆ) ಅದೇ 65 ವ್ಯಾಟ್. ಒಳಗೆ ಮಾತ್ರ ಬೇರೆಯೇ ಪ್ರೊಸೆಸರ್. 1600ರಲ್ಲಿ ಆರು ಕೋರ್‌ಗಳು ಮೂರು ಮೂರರ ಎರಡು ಗುಂಪುಗಳಾಗಿವೆ, ಪ್ರತಿ ಗುಂಪಿಗೆ 8 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ). ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನ ಮಾಹಿತಿ ಬೇಕಾದರೆ ಸುತ್ತುದಾರಿ ಹಿಡಿಯಬೇಕು. 5600ರಲ್ಲಿ ಆರೂ ಕೋರ್ ಒಂದೇ ಗುಂಪು, 32 ಎಂಬಿ ಕ್ಯಾಶ್ ಎಲ್ಲರದ್ದೂ. ಗರಿಷ್ಠ ವೇಗ 3.6ರಿಂದ 4.4 ಗಿಗಾಹರ್ಟ್ಸ್‌ಗೆ ಏರಿದೆ. ಒಂದೇ ವೇಗದಲ್ಲಿ ಓಡಿಸಿದರೂ 5600ರ ಕೋರ್ ವಿನ್ಯಾಸವಾದ ಝೆನ್ 3 ತನ್ನ ಹಿಂದಿನ ಝೆನ್ 2ಕ್ಕಿಂತ 19 ಶೇಕಡಾ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಎಎಂಡಿಯ ಲೆಕ್ಕ, ಝೆನ್ 2 ಕೂಡ ಮೊದಲ ಝೆನ್‌ಗಿಂತ ಮುಂದಿತ್ತು. ಮೇಲೆ ಹೇಳಿದ ‘ಒಂದೊಂದು ಕೋರಿನ ವೇಗ’ ಬೋರ್ಡ್ ಬದಲಿಸದೆ ಇಷ್ಟು ದೊಡ್ಡದಾಗಿ ಸಿಗುವ ಹಳೆಯ ಸಾಕೆಟ್ ಬೇರೊಂದಿಲ್ಲ.

ಮೂರು ಆಯ್ಕೆಗಳಲ್ಲಿ ಯಾವುದು? ಸಾಮಾನ್ಯ ಬಳಕೆಗೆ, ಮಧ್ಯಮ ಗ್ರಾಫಿಕ್ಸ್ ಕಾರ್ಡ್ ಜೊತೆಗಿನ ಆಟಕ್ಕೆ 5600 ಸಾಕು. ವೀಡಿಯೊ, ದೊಡ್ಡ ಕೋಡ್ ಕಂಪೈಲ್ ಮಾಡುವವರಿಗೆ ಎಂಟು ಕೋರಿನ 5700ಎಕ್ಸ್. ಇದರ ಟಿಡಿಪಿಯೂ 65 ವ್ಯಾಟ್ ಆಗಿರುವುದರಿಂದ ಸಾಧಾರಣ ಬೋರ್ಡ್‌ಗೂ ಭಾರವಲ್ಲ. 96 ಎಂಬಿ ಎಲ್3 ಕ್ಯಾಶ್‌ನ 5800ಎಕ್ಸ್3ಡಿ ಆಟಗಳಿಗೆಂದೇ ಮಾಡಿದ್ದು. ಬಲವಾದ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಅದಕ್ಕೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಬೋರ್ಡ್ ಒಪ್ಪುತ್ತದೆಯೇ

ಸಾಕೆಟ್ ಹೊಂದಿದರೆ ಸಾಲದು. ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಪ್ರೊಸೆಸರ್ ಬೆಂಬಲದ ಪಟ್ಟಿ ಇರುತ್ತದೆ, ಪ್ರತಿ ಪ್ರೊಸೆಸರ್ ಮುಂದೆ ಯಾವ ಬಯೋಸ್ ಆವೃತ್ತಿ ಬೇಕು ಎಂದೂ ಬರೆದಿರುತ್ತದೆ. ಮಾದರಿಯ ಹೆಸರಿನ ಕೊನೆಯ ರಿವಿಷನ್ ಸಂಖ್ಯೆಯನ್ನೂ ಹೊಂದಿಸಿ ನೋಡಿ. ಬಯೋಸ್ ಅಪ್‌ಡೇಟ್ ಆಗಬೇಕಾದದ್ದು ಹಳೆಯ ಪ್ರೊಸೆಸರ್ ಇನ್ನೂ ಸಾಕೆಟ್‌ನಲ್ಲಿರುವಾಗಲೇ. ಹೊಸದನ್ನು ಹಾಕಿದ ಮೇಲೆ ಯಂತ್ರ ಏಳದಿದ್ದರೆ, ಪ್ರೊಸೆಸರ್ ಇಲ್ಲದೆಯೂ ಬಯೋಸ್ ಬರೆಯುವ ಗುಂಡಿ ಇರುವ ಬೋರ್ಡ್‌ಗಳನ್ನು ಬಿಟ್ಟು ಉಳಿದವಕ್ಕೆ ಹಳೆಯದನ್ನೇ ಮತ್ತೆ ಕೂರಿಸಬೇಕಾಗುತ್ತದೆ. 16 ಎಂಬಿ ಬಯೋಸ್ ಚಿಪ್ ಇರುವ ಕೆಲವು ಎಎಮ್4 ಬೋರ್ಡ್‌ಗಳಲ್ಲಿ ಹೊಸ ಪ್ರೊಸೆಸರ್‌ಗಳಿಗೆ ಜಾಗ ಮಾಡಲು ತೀರಾ ಹಳೆಯವುಗಳ ಬೆಂಬಲವನ್ನು ತೆಗೆದಿದ್ದಾರೆ. ಅಂಥಲ್ಲಿ ಅಪ್‌ಡೇಟ್ ಮಾಡಿದ ಮೇಲೆ ಹಿಂದಕ್ಕೆ ಹೋಗಲಾಗದು, ಹೊಸ ಪ್ರೊಸೆಸರ್ ಕೈಯಲ್ಲಿಟ್ಟುಕೊಂಡೇ ಶುರುಮಾಡಿ.

ಅಪ್‌ಡೇಟ್‌ಗೂ ಮೊದಲು ಮಾಡಬೇಕಾದ ಇನ್ನೊಂದು ಕೆಲಸವನ್ನು ಯಾರೂ ಮರೆಯಬಾರದು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ಸೌಲಭ್ಯ) ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ, ಎನ್‌ಕ್ರಿಪ್ಷನ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಎಎಂಡಿ ಬೋರ್ಡ್‌ನಲ್ಲಿ ಹೊಸ ಪ್ರೊಸೆಸರ್ ಹಾಕಿದ ಕೂಡಲೇ ಎಫ್‌ಟಿಪಿಎಮ್ (ಆ ಬೀಗದ ಕೀಗಳನ್ನು ಕಾಯುವ ಭದ್ರತಾ ಭಾಗ) ರೀಸೆಟ್ ಮಾಡಲೇ ಎಂಬ ಪ್ರಶ್ನೆ ಪರದೆ ಮೇಲೆ ಬರುತ್ತದೆ. ಕೀ ಇಲ್ಲದೆ ‘ಹೌದು’ ಒತ್ತಿದವರ ಫೋಟೊ, ದಾಖಲೆಗಳೆಲ್ಲ ಬೀಗದೊಳಗೇ ಉಳಿದುಬಿಡಬಹುದು. ವೇಗ ಬರಲಿ ಬಿಡಲಿ, ವರ್ಷಗಳ ಕಡತಗಳು ಹೋಗಬಾರದು.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದವರು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಮ್4 ರೈಜೆನ್‌ಗಳಲ್ಲಿ ‘ಜಿ’ ಇದ್ದರೆ ಮಾತ್ರ ಇದೆ. 3400ಜಿ ತೆಗೆದು 5600 ಹಾಕಿದರೆ ಪರದೆ ಕಪ್ಪಾಗಿಯೇ ಇರುತ್ತದೆ; ಅಂಥವರಿಗೆ 5600ಜಿ ಇದೆ, ಅದರ ಎಲ್3 ಕ್ಯಾಶ್ 16 ಎಂಬಿ ಮಾತ್ರ.

ಬೋರ್ಡ್‌ನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ವಿಆರ್‌ಎಮ್ ಭಾಗದ ಮೇಲೆ ಹೀಟ್‌ಸಿಂಕ್ ಇಲ್ಲದಿದ್ದರೆ, ಎಚ್61, ಎ320ದಂಥ ಕೆಳದರ್ಜೆಯ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ, 65 ವ್ಯಾಟ್ ದಾಟಬೇಡಿ. ಪಟ್ಟಿಯಲ್ಲಿ ಹೆಸರಿದ್ದರೂ ತಾಸುಗಟ್ಟಲೆ ಭಾರ ಹೊತ್ತಾಗ ಆ ಭಾಗ ಕಾದು ಪ್ರೊಸೆಸರ್ ವೇಗ ಬೀಳುತ್ತದೆ. ಜೊತೆಗೆ ಬಂದ ಚಿಕ್ಕ ಕೂಲರ್ ದೊಡ್ಡ ಪ್ರೊಸೆಸರ್‌ಗೆ ಸಾಲದೆ ಹೋಗಬಹುದು, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಕಂಪನಿಯಿಂದ ಜೋಡಿಸಿಯೇ ಬಂದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ವಿಷಯ ಬೇರೆ. ಆ ಮಾದರಿಯನ್ನು ಯಾವ ಪ್ರೊಸೆಸರ್‌ಗಳೊಂದಿಗೆ ಮಾರಿದ್ದರೋ ಅವುಗಳನ್ನು ಮಾತ್ರ ಬಯೋಸ್ ಗುರುತಿಸುವುದು ಸಾಮಾನ್ಯ. ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಕನೆಕ್ಟರ್, ಬೋರ್ಡ್ ಆಕಾರ ಅವರದೇ ಅಳತೆಯವು, ಹಾಗಾಗಿ ಮುಂದೆ ಬೋರ್ಡ್ ಬದಲಿಸುವ ದಾರಿಯೂ ಇಕ್ಕಟ್ಟು. ಇನ್ನೊಂದು ತೊಡಕು: ಕೆಲವು ಬ್ರ್ಯಾಂಡ್‌ಗಳ ಯಂತ್ರದಲ್ಲಿ ಒಮ್ಮೆ ಓಡಿದ ರೈಜೆನ್ ಪ್ರೊ ಪ್ರೊಸೆಸರ್ ಆ ಬ್ರ್ಯಾಂಡ್‌ಗೇ ಬೀಗ ಹಾಕಿಕೊಂಡುಬಿಡುತ್ತದೆ, ಬೇರೆ ಬೋರ್ಡ್‌ನಲ್ಲಿ ಏಳುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ‘ಪ್ರೊ’ ಅಗ್ಗವಾಗಿ ಕಂಡರೆ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ವಿಂಡೋಸ್ 11 ಎಂಬ ಗೆರೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಮ್ 2.0 ಎಂಬ ಭದ್ರತಾ ಭಾಗ (ಎಫ್‌ಟಿಪಿಎಮ್ ಅದರದೇ ಒಂದು ರೂಪ) ಬೇಕು, ಪ್ರೊಸೆಸರ್ ಅಧಿಕೃತ ಪಟ್ಟಿಯಲ್ಲಿರಬೇಕು. ಸ್ಥೂಲವಾಗಿ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ, ರೈಜೆನ್‌ನಲ್ಲಿ 2000 ಸರಣಿಯಿಂದ ಮುಂದಿನವು. ಈ ಗೆರೆ ಪ್ರೊಸೆಸರ್ ಬದಲಾವಣೆಯ ಲೆಕ್ಕವನ್ನು ಎರಡಾಗಿ ಸೀಳುತ್ತದೆ. ಇಂಟೆಲ್‌ನ ಏಳನೆಯ ತಲೆಮಾರು ಅಥವಾ ಹಿಂದಿನ ಬೋರ್ಡ್ ಇದ್ದವರು ಅದಕ್ಕೆ ಏನೇ ಹಾಕಿದರೂ ಗೆರೆಯ ಈಚೆಗೇ ಇರುತ್ತಾರೆ. ಮೊದಲ ರೈಜೆನ್ ಇದ್ದವರು ಅದೇ ಬೋರ್ಡ್‌ಗೆ 5600 ಹಾಕಿ, ಬಯೋಸ್‌ನಲ್ಲಿ ಎಫ್‌ಟಿಪಿಎಮ್ ಮತ್ತು ಸೆಕ್ಯೂರ್ ಬೂಟ್ ಚಾಲೂ ಮಾಡಿದರೆ ದಾಟಿಬಿಡುತ್ತಾರೆ. ಎಎಮ್4ರ ಪರವಾಗಿ ನಾನು ಇಷ್ಟು ಗಟ್ಟಿಯಾಗಿ ಮಾತಾಡಲು ಇದೂ ಕಾರಣ.

ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕುವವರಿದ್ದಾರೆ. ಮುಖ್ಯ ಕೆಲಸದ ಯಂತ್ರಕ್ಕೆ ನಾನು ಇದನ್ನು ಹೇಳಲಾರೆ. ಅಂಥ ಯಂತ್ರಗಳಿಗೆ ಅಪ್‌ಡೇಟ್‌ನ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಪಾಪ್‌ಕೌಂಟ್ ಸೂಚನೆ ಇಲ್ಲದ ಕೋರ್ 2 ಕಾಲದ ಪ್ರೊಸೆಸರ್‌ಗಳಲ್ಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಏಳುವುದೇ ಇಲ್ಲ. ಬ್ರೌಸರ್, ಪತ್ರ, ಲೆಕ್ಕ, ಚಲನಚಿತ್ರ ಇಷ್ಟೇ ಬಳಕೆಯಾದರೆ ಹಳೆಯ ಐ5ಕ್ಕೆ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿ ಲಿನಕ್ಸ್ ಮಿಂಟ್‌ನಂಥದ್ದನ್ನು ಇಟ್ಟುಕೊಂಡರೆ ಇನ್ನೂ ಹಲವು ವರ್ಷ ನೆಮ್ಮದಿಯಾಗಿ ನಡೆಯುತ್ತದೆ.

ಬೋರ್ಡ್ ಸಮೇತ ಬದಲಿಸುವುದಾದರೆ

ಡಿಡಿಆರ್3 ಯಂತ್ರದವರಿಗೆ ಕ್ಯಾಬಿನೆಟ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಉಳಿಯುತ್ತವೆ, ರ‍್ಯಾಮ್ ಉಳಿಯುವುದಿಲ್ಲ. ಡಿಡಿಆರ್4 ಇದ್ದವರಿಗೆ ಒಂದು ಒಳ್ಳೆಯ ಸಾಧ್ಯತೆ ಇದೆ: ಎಲ್‌ಜಿಎ 1700 ಬೋರ್ಡ್‌ಗಳು ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಬಂದಿವೆ. ಐ5–6500 ಯಂತ್ರದ ಸ್ಟಿಕ್‌ಗಳನ್ನೇ ಹೊಸ ಬೋರ್ಡ್‌ಗೆ ಹಾಕಿ ಐ5–12400 ಓಡಿಸಬಹುದು. ಹಳೆಯ 2133 ವೇಗದ ರ‍್ಯಾಮ್ ಅದನ್ನು ಸ್ವಲ್ಪ ಹಿಡಿದೆಳೆಯುತ್ತದೆ, ಆದರೂ ನಾಲ್ಕು ಕೋರ್‌ನಿಂದ ಆರು ಕೋರ್ ಹನ್ನೆರಡು ಥ್ರೆಡ್‌ಗೆ, ಆರು ತಲೆಮಾರು ಮುಂದಕ್ಕೆ ಹೋದದ್ದು ಉಳಿಯುತ್ತದೆ. ರ‍್ಯಾಮ್ ಬೆಲೆ ಏರಿರುವ ಹೊತ್ತಿನಲ್ಲಿ ಇದು ದೊಡ್ಡ ಉಳಿತಾಯ. ಎಎಮ್5ಗೆ ಡಿಡಿಆರ್5 ಮಾತ್ರ ಹೊಂದುತ್ತದೆ; ಮುಂದೆ ಮತ್ತೊಮ್ಮೆ ಪ್ರೊಸೆಸರ್ ಏರಿಸುವ ಮನಸ್ಸಿರುವವರು ಅದನ್ನು ನೋಡಲಿ.

ಎಸ್‌ಎಂಪಿಎಸ್ ಹತ್ತು ವರ್ಷದ್ದಾಗಿದ್ದರೆ ಹೊಸ ಬೋರ್ಡ್‌ಗೆ ಅದನ್ನು ಜೋಡಿಸಬೇಡಿ. ಕ್ಯಾಬಿನೆಟ್ ಚಿಕ್ಕದು, ಎಸ್‌ಎಂಪಿಎಸ್ ಹಳೆಯದು, ರ‍್ಯಾಮ್ ಡಿಡಿಆರ್3 ಹೀಗೆ ಎಲ್ಲವನ್ನೂ ಬದಲಿಸಬೇಕಾಗಿ ಬಂದಾಗ ಕಚೇರಿಗಳು ಕೈಬಿಟ್ಟ ಎಂಟನೆಯ ತಲೆಮಾರು ಅಥವಾ ಮುಂದಿನ ಪೂರ್ತಿ ಯಂತ್ರವನ್ನು ತರುವುದು ಸಾಮಾನ್ಯವಾಗಿ ಅಗ್ಗ. ಅದರಲ್ಲಿ ವಿಂಡೋಸ್ ಲೈಸೆನ್ಸೂ ಬೋರ್ಡ್‌ನೊಂದಿಗೇ ಬಂದಿರುತ್ತದೆ. ನಿಮ್ಮ ಹಳೆಯ ಯಂತ್ರದ ಲೈಸೆನ್ಸ್ ಅದರ ಬೋರ್ಡ್‌ಗೆ ಕಟ್ಟಿಕೊಂಡಿದ್ದರೆ ಬೋರ್ಡ್ ಬದಲಿಸಿದಾಗ ಹೊಸದು ಬೇಕಾಗಬಹುದು. ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಹಳೆಯ ಸಾಕೆಟ್‌ಗೆ ಹಣ ಹಾಕುವ ಮೊದಲು ಬೋರ್ಡಿನ ಆಯಸ್ಸನ್ನೂ ನೆನೆಯಬೇಕು. ಪ್ರೊಸೆಸರ್‌ಗಳು ಬಹುತೇಕ ಕೆಡುವುದಿಲ್ಲ, ಕೆಡುವುದು ಬೋರ್ಡ್. ಎಲ್‌ಜಿಎ 1150ರ ಬೋರ್ಡ್ ಹೋದರೆ ಒಳ್ಳೆಯ ಬದಲಿ ಹುಡುಕುವುದೇ ಕಷ್ಟ, ಆಗ ದುಬಾರಿ ಐ7 ಕೈಯಲ್ಲೇ ಉಳಿಯುತ್ತದೆ.

ಹಾಕಲು ನಿರ್ಧರಿಸಿದವರಿಗೆ

ಎಎಮ್4 ಪ್ರೊಸೆಸರ್‌ನಲ್ಲಿ ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲಿವೆ. ಹಳೆಯ ಪೇಸ್ಟ್ ಅಂಟಾಗಿ, ಕೂಲರನ್ನು ನೇರ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಜೊತೆಗೇ ಬಂದು ಪಿನ್ ಬಾಗುತ್ತವೆ. ಯಂತ್ರವನ್ನು ಕಾಲು ಗಂಟೆ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ, ಆರಿಸಿ ವಿದ್ಯುತ್ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಬಿಡಿಸಿಕೊಳ್ಳಿ. ಇಂಟೆಲ್‌ನ ಈ ಸಾಕೆಟ್‌ಗಳಲ್ಲಿ ಪಿನ್ ಬೋರ್ಡ್‌ನಲ್ಲಿವೆ. ಅಲ್ಲಿ ಬೆರಳೂ ಬಟ್ಟೆಯೂ ತಾಗಬಾರದು. ಮೂಲೆಯ ತ್ರಿಕೋನದ ಗುರುತು ಎರಡೂ ಕಡೆ ಹೊಂದಿದರೆ ಪ್ರೊಸೆಸರ್ ತನ್ನ ಭಾರಕ್ಕೇ ಕೂರುತ್ತದೆ, ಒತ್ತಬೇಕಾದ ಪ್ರಸಂಗವೇ ಇಲ್ಲ. ಒತ್ತಬೇಕೆನಿಸಿದರೆ ಎತ್ತಿ ಮತ್ತೆ ನೋಡಿ.

ಸೆಕೆಂಡ್ ಹ್ಯಾಂಡ್‌ನದಾದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ದುಡಿಸಿ ಪರೀಕ್ಷಿಸಿ. ಸಿಪಿಯು–ಝಡ್‌ನಲ್ಲಿ ಹೆಸರು, ಕೋರ್, ಥ್ರೆಡ್ ಸರಿಯಿದೆಯೇ. ರ‍್ಯಾಮ್‌ನ ಎರಡೂ ಚಾನೆಲ್ ಕಾಣುತ್ತಿವೆಯೇ, ಏಕೆಂದರೆ ಬಾಗಿದ ಒಂದು ಪಿನ್‌ನಿಂದ ಒಂದು ಚಾನೆಲ್ ಸದ್ದಿಲ್ಲದೆ ಸಾಯುತ್ತದೆ. ಎಲ್ಲ ಕೋರ್‌ಗಳ ಮೇಲೆ ಅರ್ಧ ತಾಸು ಭಾರ ಹೇರಿದಾಗ ಉಷ್ಣಾಂಶ ಎಲ್ಲಿ ನಿಲ್ಲುತ್ತದೆ, ವೇಗ ಇಳಿಯುತ್ತದೆಯೇ. ಆಮೇಲೆ, ಮೊದಲು ಅಳೆದಾಗ ನಿಧಾನವೆನಿಸಿದ್ದ ಅದೇ ಕೆಲಸವನ್ನು ಅದೇ ಕಡತದೊಂದಿಗೆ ಮತ್ತೊಮ್ಮೆ ಮಾಡಿ ಗಡಿಯಾರ ನೋಡಿ. ನಿರೀಕ್ಷಿಸಿದಷ್ಟು ಇಳಿಯದಿದ್ದರೆ ಅವಧಿಯೊಳಗೆ ವಾಪಸ್ ಕೊಡಿ, ಆ ಹಣ ಬೋರ್ಡ್ ಬದಲಿಸುವ ಲೆಕ್ಕಕ್ಕೆ ಹೋಗಲಿ.